ದೊಡ್ಡಪ್ಪ ಕಾಲೇಜಿನ ಲಾಡು ತಿಂದದ್ದು

ಅಕ್ಕನ ಮಗಳ ಪಿಯುಸಿ ಫಲಿತಾಂಶ ಬಂದ ಮೂರನೆಯ ದಿನ, ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು ದೊಡ್ಡಪ್ಪ ತೀರ್ಪು ಕೊಟ್ಟರು.

"ಕಾಲೇಜು ಅಂದ್ರ ಮೂರು ವರ್ಷದ ಸಂಬಂಧ. ಸುಮ್ನ ಫಾರಂ ತುಂಬಿ ಹಾಕಾಕ ಬರಲ್ಲ. ಮೊದ್ಲು ಮನಿ ನೋಡಬೇಕು."

ನಗಬೇಡಿ. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಬಲು ಕಟ್ಟುನಿಟ್ಟಿನದು. ಹೇಳಿದ ದಿನ ಹೋಗಬಾರದು, ಒಂದು ದಿನ ಮೊದಲೇ ಹೋಗಿ ನಿಲ್ಲಬೇಕು. ಬಾಗಿಲಲ್ಲೇ ನೀರು ಕೇಳಬೇಕು. ನೀರು ಯಾರ ಕೈಯಲ್ಲಿ, ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತಿಗೆ ಬಂತು ನೋಡಬೇಕು. ಕಾಲು ತೊಳೆಯುವ ನೆಪ ಹೇಳಿ ಹಿತ್ತಲಿಗೆ ಹೋಗಿ ಬರಬೇಕು, ಯಾಕೆಂದರೆ ಮುಂಬಾಗಿಲಿಗೆ ಎಲ್ಲರೂ ಬಣ್ಣ ಹೊಡೆಸುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಸಿಹಿಯದು. ಮನಸ್ಸು ಪೂರ್ತಿ ಒಪ್ಪುವ ತನಕ ಆ ಮನೆಯ ಸಿಹಿಯನ್ನು ಬಾಯಿಗೆ ಇಡಬಾರದು. ಚಹಾ ಕುಡಿಯಬಹುದು, ಒಗ್ಗರಣಿ ಮಿರ್ಚಿ ತಿನ್ನಬಹುದು. ಸಿಹಿ ತಿಂದರೆ ಮಾತು ಕೊಟ್ಟಂತೆ. ಆಮೇಲೆ ಹುಡುಗನಿಗೆ ಒಂದು ಕಣ್ಣು ಕಾಣಿಸದಿದ್ದರೂ ಮದುವೆ ಮದುವೆಯೇ.

ಮನೆ ನೋಡಲು ಹೋಗುವವರು ನಾಲ್ವರು ಎಂದು ನಿರ್ಧಾರವಾಯಿತು. ದೊಡ್ಡಪ್ಪ ಮುಖ್ಯಸ್ಥರು. ಅವರ ತಂಗಿ, ಅಂದರೆ ನನ್ನ ಸೋದರತ್ತೆ, ಹಿತ್ತಲು ನೋಡುವುದರಲ್ಲಿ ನಿಪುಣೆ. ಹಚ್ಚೊಳ್ಳಿಯಲ್ಲಿ ಒಂದು ಸಂಬಂಧವನ್ನು ಬರೀ ಒಲೆಯ ಬೂದಿ ನೋಡಿ ಮುರಿದವಳು. ಮೂರನೆಯವಳು ಓದಬೇಕಾದ ಹುಡುಗಿ. ಅವಳನ್ನು ಕರೆದೊಯ್ಯುವುದು ಪದ್ಧತಿಗೆ ವಿರುದ್ಧ ಎಂದು ದೊಡ್ಡಪ್ಪ ಸ್ವಲ್ಪ ತಕರಾರು ತೆಗೆದರು. "ತಾತಾ, ಓದೋಳು ನಾನು, ನೀನಲ್ಲ" ಎಂದು ಅವಳು ಚಪ್ಪಲಿ ಹಾಕಿಕೊಂಡು ಮೊದಲು ಹೊರಗೆ ನಿಂತಳು. ನಾಲ್ಕನೆಯವನು ನಾನು.

ಹುಡುಗಿಗೆ ಬೇಕಾಗಿದ್ದದ್ದು ಒಂದೇ. ಕೆಮಿಸ್ಟ್ರಿಯನ್ನು ಕೈಯಿಂದ ಮಾಡಬೇಕು. ಪಿಯುಸಿಯಲ್ಲಿ ಎರಡು ವರ್ಷವೂ ಪ್ರಯೋಗವನ್ನು ಮೇಷ್ಟ್ರು ಮಾಡುತ್ತಿದ್ದರು, ಇವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. "ಮಾಮಾ, ಬ್ಯುರೆಟ್ಟು ಅನ್ನೋದು ನಾನು ದೂರದ ಸಂಬಂಧಿಕರನ್ನ ನೋಡಿದಂಗ ನೋಡೀನಿ. ಒಮ್ಮೆನೂ ಮಾತಾಡ್ಸಿಲ್ಲ" ಎನ್ನುತ್ತಿದ್ದಳು. ಯಾವ ಕಾಲೇಜು ಆ ಗಾಜಿನ ಕೊಳವೆಯನ್ನು ತನ್ನ ಕೈಗೆ ಕೊಡುತ್ತದೋ ಅಲ್ಲಿ ಸೇರಬೇಕೆಂಬುದು ಅವಳ ಹಟ. ಕುರುಗೋಡು ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಹಾಗೆ ಕೊಡುತ್ತಾರೆಂದು ಅವಳ ಗೆಳತಿಯೊಬ್ಬಳು ಹೇಳಿದ್ದಳು.

ಆದರೆ ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಬಳ್ಳಾರಿಯ ಒಂದು ದೊಡ್ಡ ಕಾಲೇಜು. ಅದಕ್ಕೆ ಕಾರಣ ನಾನು.

ನಮ್ಮ ಮನೆಯಿಂದ ಬಳ್ಳಾರಿಗೆ ಹೋಗಿ ಡಿಗ್ರಿ ಓದಿದ ಮೊದಲಿಗ ನಾನೇ. ಭಾನುವಾರ ಬಂದರೆ ಅಜ್ಜಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕಟ್ಟೆಗೆ ಕರೆದು, "ಹೇಳಲೇ, ಈ ವಾರ ಏನ್ ಕಲ್ತಿ?" ಎಂದು ಕೇಳುತ್ತಿದ್ದಳು. ನಾನು ಏನೂ ಕಲಿತಿರುತ್ತಿರಲಿಲ್ಲ. ಆದರೆ ಹನ್ನೆರಡು ಜನ ಅವರೆಕಾಯಿ ಸುಲಿಯುವುದು ಬಿಟ್ಟು ಬಾಯಿ ನೋಡುತ್ತಿದ್ದರೆ ಏನೂ ಇಲ್ಲ ಎನ್ನುವುದು ಹೇಗೆ? ಮಾತು ಕಲಿತದ್ದೇ ಆ ಅಜ್ಜಿಯಿಂದ. ಅವಳು ಸಂತೆಗೆ ಹೋಗಿ ಬದನೆಕಾಯಿ ತಂದ ಕಥೆಯನ್ನು ಮುಕ್ಕಾಲು ಗಂಟೆ ಹೇಳುತ್ತಿದ್ದಳು, ನಡುವೆ ಒಂದು ಕಳ್ಳತನ, ಒಂದು ಅಳು, ಒಂದು ಹಾವು ಇರುತ್ತಿದ್ದವು. ನಾನೂ ಹಾಗೇ ಶುರುಮಾಡಿದೆ. ಕಾಲೇಜಿನ ಲೈಬ್ರರಿ ಎಷ್ಟು ಎತ್ತರವೆಂದರೆ ಗಾಲಿ ಇರುವ ಏಣಿ ಇದೆ, ಅದರ ಮೇಲೆ ನಿಂತು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಉರುಳಿಕೊಂಡು ಹೋಗಬಹುದು ಎಂದೆ. ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು ಎಂದೆ. ಕೆಮಿಸ್ಟ್ರಿ ಮೇಷ್ಟ್ರು ಕಣ್ಣು ಮುಚ್ಚಿ ಮೂಸಿ ಯಾವ ಲವಣವೆಂದು ಹೇಳುತ್ತಾರೆ ಎಂದೆ.

ಕಥೆ ಕಟ್ಟೆಯಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ದೊಡ್ಡಪ್ಪ ಅದನ್ನು ತೆಕ್ಕಲಕೋಟೆಯ ಬೀಜದ ಅಂಗಡಿಗೆ ಒಯ್ದರು. ಅಲ್ಲಿಂದ ಅದು ಹೊಲ ಹೊಲ ತಿರುಗಿತು. ಗಾಲಿಯ ಏಣಿಯ ಸುದ್ದಿ ಕೇಳಿಯೇ ಮಕ್ಕಳನ್ನು ಆ ಕಾಲೇಜಿಗೆ ಹಾಕಿದವರು ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ. ಹಾಗೆ ಹೋದ ಹುಡುಗರಲ್ಲಿ ಒಬ್ಬನೂ ಬಂದು ನನ್ನನ್ನು ಕೇಳಲಿಲ್ಲ. ಅವರೂ ಊರಿಗೆ ಬಂದು ಏಣಿಯ ಬಗ್ಗೆಯೇ ಹೇಳಿದರಂತೆ.

ಬಳ್ಳಾರಿಗೆ ಹೋದದ್ದು ಒಂದು ಬುಧವಾರ. ದೊಡ್ಡಪ್ಪ ಇಸ್ತ್ರಿ ಮಾಡಿದ ಧೋತರ, ಹೊಸ ಟವೆಲ್ಲು. ಕಾಲೇಜಿನ ಕಮಾನು ನೋಡಿಯೇ ಅವರ ಎದೆ ಅರ್ಧ ತುಂಬಿತು. ಗೇಟಿನ ಎರಡೂ ಕಡೆ ರ‍್ಯಾಂಕು ಬಂದವರ ಫೋಟೋಗಳು, ಒಂದೊಂದೂ ಎತ್ತಿನ ಬಂಡಿಯಷ್ಟು ಅಗಲ. ನಾನಿದ್ದಾಗ ಅಲ್ಲಿ ಎಮ್ಮೆ ಕಟ್ಟುತ್ತಿದ್ದರು.

ಕಾವಲುಗಾರ "ಎವರು ಕಾವಾಲಂಡಿ?" ಎಂದು ತೆಲುಗಿನಲ್ಲಿ ತಡೆದ. ಯಾರು ಬೇಕಾಗಿತ್ತು ಎಂದು.

"ಮನಿ ನೋಡಾಕ ಬಂದೀವಪ್ಪಾ" ಎಂದರು ದೊಡ್ಡಪ್ಪ.

"ಸೈಟು ಆಫೀಸು ಎದುರಿಗೆ ಐತ್ರಿ" ಎಂದು ಅವನು ರಸ್ತೆಯ ಆಚೆ ಕೈ ತೋರಿಸಿದ. ಅವನನ್ನು ಸಮಾಧಾನ ಮಾಡಿ ಒಳಗೆ ಹೋಗುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತು ನೀರು ಕೇಳಿದಳು. ಯಾರೋ ಗೋಡೆಯ ಯಂತ್ರ ತೋರಿಸಿದರು. ಅತ್ತೆ ಗುಂಡಿ ಒತ್ತಿ, ಕಾಗದದ ಲೋಟ ತುಂಬಿಸಿ, ಕುಡಿಯದೆ ಹಿಡಿದುಕೊಂಡೇ ನಿಂತಳು.

"ಯಾಕ ಕುಡಿಯವಲ್ಲಿ?"

"ಕೊಟ್ಟೋರು ಯಾರು ಅಂತ ನೋಡಕತ್ತೀನಿ. ಯಾರೂ ಕೊಟ್ಟಿಲ್ಲ. ನಾನೇ ತಗಂಡೀನಿ" ಎಂದಳು. ನೀರಿನ ನಿಯಮದಲ್ಲೇ ಕಾಲೇಜಿಗೆ ಒಂದು ಅಂಕ ಹೋಯಿತು.

ಆಮೇಲೆ ಕಾಲು ತೊಳೆಯಬೇಕು ಎಂದು ಹಿಂದಕ್ಕೆ ಹೋದಳು. ಬಂದಾಗ ಮುಖ ಸಣ್ಣದಾಗಿತ್ತು. "ಹಿತ್ಲಾಗ ಮುರುದ ಬೆಂಚು ಗುಡ್ಡ ಬಿದ್ದಾವು. ಒಂದು ಬೆಕ್ಕು ಮರಿ ಹಾಕೈತಿ" ಎಂದು ನನ್ನ ಕಿವಿಯಲ್ಲಿ ವರದಿ ಒಪ್ಪಿಸಿದಳು.

ಪ್ರವೇಶದ ಕೋಣೆ ಮಾತ್ರ ತಂಪು. ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೈ ಮುಗಿದು, ಮೆತ್ತನೆಯ ಸೋಫಾದ ಮೇಲೆ ಕೂರಿಸಿ, ಲಗ್ನಪತ್ರಿಕೆಯಂತೆ ಹೊಳೆಯುವ ಪುಸ್ತಕ ಕೈಗಿಟ್ಟಳು. ದೊಡ್ಡಪ್ಪ ಸೋಫಾದಲ್ಲಿ ಹುಗಿದುಹೋದರು. ಅವಳು ಪುಸ್ತಕದ ಪುಟ ತಿರುವುತ್ತ ಹೇಳಿದಳು, ಇವರು ಪುಟಕ್ಕೊಮ್ಮೆ "ಭೇಷ್" ಎಂದರು.

ಅಕ್ಕನ ಮಗಳು ಸೋಫಾದ ತುದಿಯಲ್ಲಿ ಕುಳಿತು ತನ್ನ ಒಂದೇ ಪ್ರಶ್ನೆ ಕೇಳಿದಳು. "ಮೇಡಂ, ಲ್ಯಾಬಿನಾಗ ಬ್ಯುರೆಟ್ಟು ಎಲ್ಲರ ಕೈಗೂ ಕೊಡ್ತೀರೇನ್ರಿ?"

"ನಮ್ಮದು ಸ್ಮಾರ್ಟ್ ಲ್ಯಾಬ್ ಅಮ್ಮಾ. ದೊಡ್ಡ ಪರದೆ ಐತಿ. ಸರ್ ಮಾಡಿದ್ದು ಕೊನೇ ಬೆಂಚಿಗೂ ಕಾಣಿಸ್ತೈತಿ."

"ಕಾಣಿಸ್ತೈತಿ" ಎಂದು ಹುಡುಗಿ ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

ಆಗ ಒಂದು ತಟ್ಟೆ ಬಂತು. ಪ್ರವೇಶ ಕೇಳಲು ಬಂದವರಿಗೆಲ್ಲ ಕೊಡುತ್ತಿದ್ದರಂತೆ. ತಟ್ಟೆಯ ತುಂಬ ಲಾಡು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಯಾರೂ ಅವರಿಗೆ ಸಿಹಿ ತೋರಿಸುವುದಿಲ್ಲ, ಡಬ್ಬಿಯ ಜಾಗ ವಾರಕ್ಕೊಮ್ಮೆ ಬದಲಾಗುತ್ತದೆ. ಅವರು ಗೋಡೆಯ ಮೇಲಿನ ಫೋಟೋಗಳಲ್ಲಿ ಗುರುತಿನವರ ಮುಖ ಹುಡುಕುತ್ತಿದ್ದರು, ಕಣ್ಣು ಅಲ್ಲೇ ಇತ್ತು. ಕೈ ಮಾತ್ರ ಯಾರಿಗೂ ಹೇಳದೆ ಹೊರಟು, ಒಂದು ಲಾಡು ಎತ್ತಿ, ಬಾಯಿಗೆ ಹಾಕಿತು.

"ಅಣ್ಣಾ! ನುಂಗಬ್ಯಾಡ!" ಎಂದು ಅತ್ತೆ ಕಿರುಚಿದಳು.

ಹೆಣ್ಣುಮಗಳು ಬೆಚ್ಚಿ ತಟ್ಟೆ ಹಿಂದಕ್ಕೆಳೆದಳು. ಪಕ್ಕದ ಸೋಫಾದವರು ಬಾಯಲ್ಲಿದ್ದದ್ದನ್ನು ಅನುಮಾನದಿಂದ ಕೈಗೆ ತೆಗೆದುಕೊಂಡರು. ದೊಡ್ಡಪ್ಪ ಕಣ್ಣರಳಿಸಿ, ಎರಡು ಗಳಿಗೆ ಹಾಗೇ ಕುಳಿತು, ನುಂಗಿದರು.

"ತುಪ್ಪದ್ದು" ಎಂದರು. ಆಮೇಲೆ ಏನಾಯಿತೆಂದು ಅವರಿಗೇ ತಿಳಿಯಿತು. ಮುಖ ಗಂಭೀರವಾಯಿತು. ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ನಿಂತು, "ಆತು. ಮಾತು ಆತು" ಎಂದರು.

ಹೊರಗೆ ಬಂದ ಮೇಲೆ ಹುಡುಗಿ ಅತ್ತಳು. ಜೋರಾಗಿ ಅಲ್ಲ. ಕಮಾನಿನ ನೆರಳಿನಲ್ಲಿ ನಿಂತು ದುಪಟ್ಟಾದಿಂದ ಒಮ್ಮೆ ಮುಖ ಒರೆಸಿದಳು, ಅಷ್ಟೆ. ದೊಡ್ಡಪ್ಪನ ಮುಖವೂ ಬಾಡಿತ್ತು, ಆದರೆ ಪಟ್ಟು ಸಡಿಲಲಿಲ್ಲ. "ನಾನು ಅವರ ಮನಿ ಸಿಹಿ ತಿಂದೀನವ್ವಾ. ಈಗ ಒಲ್ಲೆ ಅಂದ್ರ ನಾಳೆ ನಮ್ಮ ಮನಿ ಮಾತಿಗೆ ಯಾರು ಬೆಲಿ ಕೊಡ್ತಾರ?"

"ಅದು ಕಾಲೇಜು ತಾತಾ!"

"ಕಾಲೇಜಾದ್ರೇನು, ಲಾಡು ಲಾಡೇ."

ಆದರೂ ಅತ್ತೆ ಕುರುಗೋಡು ನೋಡದೆ ಮನೆಗೆ ಬರುವುದಿಲ್ಲ ಎಂದಳು. ಎರಡು ಮನೆ ನೋಡದೆ ಹಿಂದಿರುಗಬಾರದು ಎಂಬ ಇನ್ನೊಂದು ನಿಯಮವಿದೆ ಎಂದಳು. ಅದನ್ನು ಅವಳು ಅಲ್ಲೇ ಹುಟ್ಟಿಸಿದಳೆಂದು ನನಗೆ ಈಗಲೂ ಅನುಮಾನ. ಕುರುಗೋಡಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ದೊಡ್ಡಪ್ಪ ಟವೆಲ್ಲನ್ನು ತಲೆಯ ಮೇಲಿಂದ ಮುಖಕ್ಕೆ ಎಳೆದುಕೊಂಡು ಕುಳಿತರು. ಒಂದು ಮನೆಗೆ ಮಾತು ಕೊಟ್ಟು ಇನ್ನೊಂದು ಮನೆ ನೋಡಲು ಹೋಗುವುದನ್ನು ಯಾರಾದರೂ ಕಂಡರೆ ಏನು ಗತಿ ಎಂದು ಅವರಿಗೆ ಭಯ.

ಸಣ್ಣ ಕಾಲೇಜಿಗೆ ಕಮಾನಿರಲಿಲ್ಲ. ಗೇಟಿಗೆ ಅಗುಳಿಯೂ ಇರಲಿಲ್ಲ, ಒಂದು ಕಲ್ಲು ಆನಿಸಿದ್ದರು. ಅಂಗಳದಲ್ಲಿ ಮೂರು ಆಡುಗಳು ಪ್ರವೇಶ ಪಡೆದಂತೆ ಓಡಾಡುತ್ತಿದ್ದವು. ಅತ್ತೆ ನೀರು ಕೇಳಿದಳು. ಓದುವ ಹುಡುಗಿಯೊಬ್ಬಳು ಸ್ಟೀಲಿನ ಚೆಂಬಿನಲ್ಲಿ ತಂದು ಎರಡೂ ಕೈಯಿಂದ ಕೊಟ್ಟಳು. ಅವಳ ಬೆರಳುಗಳ ತುದಿ ಕಪ್ಪಾಗಿತ್ತು.

"ಇದೇನವ್ವಾ ಕೈ?"

"ಲ್ಯಾಬಿನ ಕಲೆ ರೀ. ವಾರ ಹೋಗಲ್ಲ" ಎಂದಳು, ಮೆಹಂದಿ ತೋರಿಸುವವಳ ಹಾಗೆ.

ನಮ್ಮ ಹುಡುಗಿಯ ಕಣ್ಣು ಆ ಬೆರಳಿನ ಮೇಲೇ ನಿಂತಿತು. ಆ ಹುಡುಗಿಯೇ ಕಾಲೇಜು ತೋರಿಸಿದಳು, ಏನೂ ಮುಚ್ಚಿಡಲಿಲ್ಲ. ಈ ಕೋಣೆ ಸೋರುತ್ತದೆ. ಈ ಫ್ಯಾನು ತಿರುಗುವುದಿಲ್ಲ, ಸುಮ್ಮನೆ ತೂಗುಹಾಕಿದ್ದಾರೆ. ಫಿಸಿಕ್ಸ್ ಮೇಷ್ಟ್ರು ವಾರಕ್ಕೆ ಎರಡು ದಿನ ಬರುತ್ತಾರೆ, ಬಂದ ದಿನ ಐದು ದಿನದ್ದೂ ಹೇಳುತ್ತಾರೆ, ಅರ್ಥ ಆಗುವುದಿಲ್ಲ. ಲೈಬ್ರರಿ ಅಂದರೆ ಈ ಬೀರು. ಕೀಲಿ ಇರುವವರು ಮದುವೆಗೆ ಹೋಗಿದ್ದಾರೆ.

ಲ್ಯಾಬಿನಲ್ಲಿ ಕೆಮಿಸ್ಟ್ರಿ ಮೇಡಂ ಒಬ್ಬರೇ ಸೀಸೆಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ಅವರ ಬಿಳಿ ಕೋಟಿನ ಮೇಲೆ ಜರಡಿಯಂತೆ ಸುಟ್ಟ ತೂತು. ನಮ್ಮ ಹುಡುಗಿ ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದಳು. ಮೇಡಂ ಕೈ ಒರೆಸಿಕೊಂಡರು. ಬ್ಯುರೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಗೆ ಒಂದು ಗಾಜಿನ ಬುರುಡೆಯಿಟ್ಟು, "ಬಾ, ಹಿಡಿ" ಎಂದರು.

ಹುಡುಗಿ ಹೋಗಿ ಹಿಡಿದಳು. ಮೇಲಿನ ಕೊಳವೆಯಿಂದ ಹನಿ ಹನಿಯಾಗಿ ಬಿಡಬೇಕು, ಕೆಳಗಿನ ನೀರು ತಿಳಿ ಗುಲಾಬಿಯಾದ ಕ್ಷಣಕ್ಕೆ ನಿಲ್ಲಿಸಬೇಕು. ಅವಳು ಹನಿ ಬಿಟ್ಟಳು, ಬಿಟ್ಟಳು, ಏನೂ ಆಗಲಿಲ್ಲವೆಂದು ಒಂದು ಚೂರು ಹೆಚ್ಚು ತಿರುವಿದಳು. ಬುರುಡೆಯ ನೀರೆಲ್ಲ ಒಮ್ಮೆಲೇ ಕೆಂಪು ರವಿಕೆ ಹಿಂಡಿದಂತೆ ಆಯಿತು.

"ಯಪ್ಪಾ!" ಎಂದಳು.

ಮೇಡಂ ಬುರುಡೆಯನ್ನು ತೊಟ್ಟಿಗೆ ಸುರಿದು, ತೊಳೆದು, ಮತ್ತೆ ತುಂಬಿ ಇಟ್ಟರು. "ಹೆಚ್ಚಾತು. ಮತ್ತೊಮ್ಮೆ ಮಾಡು."

ಮೂರು ಸಲ ಮಾಡಿದಳು. ಮೂರನೆಯ ಸಲ ಗುಲಾಬಿ ಎಷ್ಟು ತಿಳಿಯಾಗಿತ್ತೆಂದರೆ, ಅತ್ತೆ ಬಗ್ಗಿ ನೋಡಿ "ಬಂತಾ? ಬಂದೈತಾ?" ಎಂದು ಕೇಳಬೇಕಾಯಿತು. ದೊಡ್ಡಪ್ಪ ಮಾತ್ರ ಒಳಗೆ ಬರಲಿಲ್ಲ. ಮಾತು ಕೊಟ್ಟವರು ಬರಬಾರದು ಎಂದು ಹೊರಗೆ ಆಡುಗಳ ಜೊತೆ ನಿಂತಿದ್ದರು. ಕಿಟಕಿಯಿಂದ ಟವೆಲ್ಲು ಸರಿಸಿ ಒಂದು ಕಣ್ಣು ಇಣುಕಿದ್ದನ್ನು ನಾನು ಕಂಡೆ.

ನನ್ನ ಮೂರು ವರ್ಷದಲ್ಲಿ ನನಗೆ ಯಾರೂ "ಮತ್ತೊಮ್ಮೆ ಮಾಡು" ಎಂದಿರಲಿಲ್ಲ. ಮೊದಲನೆಯ ಸಲವೇ ಮಾಡಿರಲಿಲ್ಲವಲ್ಲ.

ಕುರುಗೋಡಿನ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಾಲ್ವರೂ ಕುಳಿತೆವು. ಸಿರುಗುಪ್ಪದ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತೆಯೇ ಕೇಳಿದಳು. "ಅಣ್ಣಾ, ಸಿಹಿ ತಿಂದ್ ಮ್ಯಾಲೆ ಬಿಡಿಸಿಕೊಳ್ಳಾಕ ದಾರಿನೇ ಇಲ್ಲೇನು?"

ದೊಡ್ಡಪ್ಪ ಸಕ್ಕರೆ ಹಾಕದ ಚಹಾವನ್ನು ತಿರುವುತ್ತ ಯೋಚಿಸಿದರು. "ಒಂದೈತಿ. ಆ ಮನಿಯವರು ಏನಾದ್ರೂ ಕುಂದು ಮುಚ್ಚಿಟ್ಟಿರಬೇಕು. ಅದನ್ನ ಆ ಮನಿಯಾಗ ಇದ್ದು ಉಂಡೋರೇ ಬಂದು ಹೇಳಬೇಕು. ಹೊರಗಿನೋರ ಮಾತು ನಡೆಯಲ್ಲ."

ಅತ್ತೆ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಇವನು ಮೂರು ವರ್ಷ ಆ ಮನಿಯಾಗ ಇದ್ದಾನ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬೇಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಇಷ್ಟು ವರ್ಷ ಕಟ್ಟೆಯ ಮೇಲೆ ಗಳಿಸಿದ ಮರ್ಯಾದೆ ಒಂದು ಕಡೆ, ಅವಳು ಕಣ್ಣಿಟ್ಟ ಆ ಕಪ್ಪು ಬೆರಳುಗಳು ಇನ್ನೊಂದು ಕಡೆ.

"ದೊಡ್ಡಪ್ಪಾ, ಆ ಲೈಬ್ರರಿಯಾಗ ಏಣಿ ಇಲ್ಲರಿ" ಎಂದೆ.

"ಏನಂದಿ?"

"ಏಣಿ ಇಲ್ಲ."

"ಗಾಲಿ?"

"ಏಣಿನೇ ಇಲ್ಲ ಅಂದ್ ಮ್ಯಾಲೆ ಗಾಲಿ ಎಲ್ಲಿಂದ ಬರ್ತಾವರಿ?"

ದೊಡ್ಡಪ್ಪ ನಿಧಾನವಾಗಿ ಟವೆಲ್ಲನ್ನು ಭುಜದಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಲೇ, ನಾನು ತೆಕ್ಕಲಕೋಟಿ ಮಂದಿಗೆಲ್ಲ ಅದರ ಬಣ್ಣನೂ ಹೇಳೀನಲ್ಲೋ! ಹಸುರು ಅಂತ ಹೇಳೀನಿ!"

ಎಲ್ಲ ಹೇಳಿದೆ. ಲೈಬ್ರರಿ ತೆರೆಯುವ ಹೊತ್ತಿಗೆ ನಾವು ಸಿರುಗುಪ್ಪದ ಬಸ್ಸಿಗೆ ಓಡುತ್ತಿದ್ದೆವು. ಲ್ಯಾಬಿನಲ್ಲಿ ಒಂದೇ ಮೇಜಿಗೆ ನಲವತ್ತು ಹುಡುಗರು. ನಾನು ಮೂರನೆಯ ಸುತ್ತಿನವನು, ಮೂರು ವರ್ಷವೂ ಮುಂದಿನವನ ತಲೆಯ ಸುಳಿಯನ್ನೇ ಅಭ್ಯಾಸ ಮಾಡಿದೆ. ಮೂಸಿ ಲವಣ ಹೇಳುವ ಮೇಷ್ಟ್ರಿಗೆ ವರ್ಷವೆಲ್ಲ ನೆಗಡಿ. ಹಾಗೆಂದು ಆ ಕಾಲೇಜು ನನಗೆ ಏನೂ ಕೊಡಲಿಲ್ಲವೆಂದಲ್ಲ, ಅದನ್ನೂ ಹೇಳಿದೆ. ಕನ್ನಡದ ಮೇಷ್ಟ್ರೊಬ್ಬರು ಬಿಸಿಲಲ್ಲಿ ಸೈಕಲ್ಲು ತುಳಿದು ಬಂದು, ಆರೇ ಜನರಿದ್ದರೂ ಅರವತ್ತು ಜನರಿದ್ದಂತೆ ಪಾಠ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಸಿಕ್ಕ ಇಬ್ಬರು ಗೆಳೆಯರು ಇವತ್ತಿಗೂ ನನ್ನ ಮನೆಯ ಅಡುಗೆಮನೆ ತನಕ ಬರುವವರು. ಇದನ್ನು ಯಾಕೋ ನಾನು ಕಟ್ಟೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಏಣಿಯ ಮುಂದೆ ಸೈಕಲ್ಲು ಸಪ್ಪೆ ಅನಿಸಿತ್ತು.

ಅಂಗಡಿಯವನೂ ಸೌಟು ಹಿಡಿದು ಕೇಳುತ್ತಿದ್ದ. "ನಮ್ಮ ತಮ್ಮನ್ನ ಏಣಿ ಐತಂತ ಅಲ್ಲಿಗೇ ಹಾಕಿದ್ವಿ ರೀ" ಎಂದ. ನಾನು ತಲೆ ತಗ್ಗಿಸಿದೆ.

ಹುಡುಗಿ ನಕ್ಕಳು. "ನನಗ ಮೊದ್ಲೇ ಗೊತ್ತಿತ್ತು ಮಾಮಾ. ಅಟ್ಟದ ಮ್ಯಾಲೆ ನಿನ್ನ ರೆಕಾರ್ಡ್ ಬುಕ್ಕು ಸಿಕ್ಕಿತ್ತು. ಇಪ್ಪತ್ತು ಪ್ರಯೋಗಕ್ಕೂ ಒಂದೇ ರೀಡಿಂಗು ಬರದೀ."

"ಮತ್ತ ಯಾಕ ಹೇಳಲಿಲ್ಲ?"

"ನೀನು ಏಣಿ ಮ್ಯಾಲೆ ಇದ್ದಿ. ತಾನಾಗೇ ಇಳೀಲಿ ಅಂತ ಬಿಟ್ಟೆ."

ದೊಡ್ಡಪ್ಪ ಉಳಿದ ಚಹಾ ಕುಡಿದು ಟವೆಲ್ಲನ್ನು ಮತ್ತೆ ಭುಜಕ್ಕೆ ಹಾಕಿಕೊಂಡರು. ಕೊನೆಗೆ, "ಕುಂದು ಮುಚ್ಚಿಟ್ಟದ್ದು ಖರೆ. ಮುಚ್ಚಿಟ್ಟೋನು ನಮ್ಮನೇವನೇ ಅಂಬೋದು ಬ್ಯಾರೆ ಮಾತು. ಮಾತು ಬಿಡುಗಡಿ ಆತು" ಎಂದರು. ಆದರೆ ಪದ್ಧತಿ ಅಲ್ಲಿಗೆ ಮುಗಿಯುವುದಿಲ್ಲ. ಸಂಬಂಧ ಮುರಿದರೆ ತಿಂದ ಸಿಹಿಯನ್ನು ಇಮ್ಮಡಿಯಾಗಿ ತಿರುಗಿ ಕೊಟ್ಟು ಬರಬೇಕು.

ಹಾಗಾಗಿ ಶನಿವಾರ ನಾನೂ ದೊಡ್ಡಪ್ಪನೂ ಮತ್ತೆ ಬಳ್ಳಾರಿಗೆ ಹೋದೆವು. ಬ್ರೂಸ್‌ಪೇಟೆಯ ಗದ್ದಲದ ಸಂದಿಯಲ್ಲಿ ನುಗ್ಗಿ ಎರಡು ಲಾಡು, ಒಂದು ತೆಂಗಿನಕಾಯಿ, ಎಲೆ ಅಡಿಕೆ ಕೊಂಡೆವು. ಎರಡೇ ಲಾಡು ಕೇಳಿದ್ದಕ್ಕೆ ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ತಂಪು ಕೋಣೆಯ ಹೆಣ್ಣುಮಗಳು ದೊಡ್ಡಪ್ಪನನ್ನು ಗುರುತಿಸಿ ಹೆದರಿ ಎದ್ದಳು.

"ಸಾರ್, ಅಡ್ಮಿಷನ್ನಾ?"

"ಇಲ್ಲವ್ವಾ, ಮುರೀತು. ನಿಮ್ಮ ಮನಿಯಾಗ ಏನೂ ತಪ್ಪಿಲ್ಲ. ನಮ್ಮ ಹುಡುಗಿ ಕೈಯಿಂದ ಮಾಡೋಳು, ನೀವು ಕಣ್ಣಿಗೆ ತೋರ್ಸೋರು. ಕೂಡಿ ಬರಲ್ಲ. ಬೇಜಾರ ಮಾಡ್ಕೋಬ್ಯಾಡ್ರಿ" ಎಂದು ದೊಡ್ಡಪ್ಪ ಮನೆಯಿಂದ ತಂದ ತಟ್ಟೆಯಲ್ಲಿ ಎಲ್ಲ ಜೋಡಿಸಿ ಮುಂದಿಟ್ಟು ಕೈ ಮುಗಿದರು.

ಅವಳಿಗೆ ಏನು ತಿಳಿಯಿತೋ, ಸೆರಗು ಸರಿಮಾಡಿಕೊಂಡು ಎಲೆ ಅಡಿಕೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. "ಒಳ್ಳೇ ಕಡೆ ಸೇರಲಿ ಸಾರ್" ಎಂದಳು. ಹೊರಗೆ ಬಂದು ದೊಡ್ಡಪ್ಪ, "ಹುಡುಗಿ ಒಳ್ಳೇಕಿ ಅದಾಳ. ಮನಿನೂ ಕೆಟ್ಟದ್ದಲ್ಲ. ಫೋಟೋ ಭಾಳ ದೊಡ್ಡವು, ಅಷ್ಟ" ಎಂದರು.

ಕುರುಗೋಡಿನಲ್ಲಿ ಸೋಮವಾರ ಸೀಟು ಆಯಿತು. ಈಗ ನಾಲ್ಕು ತಿಂಗಳು. ಅಲ್ಲಿ ಅವಳಿಗೆ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ನಂಬಬೇಡಿ. ಫಿಸಿಕ್ಸ್ ಅವಳಿಗೆ ಇನ್ನೂ ಅರ್ಥವಾಗಿಲ್ಲ. ಮಳೆ ಬಂದ ದಿನ ಮೂರು ಬೆಂಚಿನವರು ಒಂದು ಬೆಂಚಿಗೆ ಬರುತ್ತಾರೆ. ಬೀರುವಿನ ಕೀಲಿಯವರು ಮತ್ತೊಂದು ಮದುವೆಗೆ ಹೋಗಿದ್ದಾರೆ.

ಮೊನ್ನೆ ಮಧ್ಯಾಹ್ನ ಫೋನು ಮಾಡಿದಳು. ದನಿ ಸಣ್ಣಗಿತ್ತು.

"ಮಾಮಾ, ಇವತ್ತು ಬ್ಯುರೆಟ್ಟು ಕೈಜಾರಿ ಒಡೆದು ಹಾಕಿದೆ."

"ಅಯ್ಯೋ. ಮೇಡಂ ಏನಂದ್ರು?"

"ಕಸಬರಿಗಿ ಕೊಟ್ರು. ಚೂರು ಎಲ್ಲಾ ಬಳದೆ."

"ಆಮ್ಯಾಲೆ?"

"ಆಮ್ಯಾಲೆ ಇನ್ನೊಂದು ಬ್ಯುರೆಟ್ಟು ಕೊಟ್ರು."